ಶನಿವಾರದ ಕಾಲಂ

ಜೆಪ್ಪು, ಮಂಗಳೂರು
೭ನೇ ಮೇ ೧೯೩೯, ಆದಿತ್ಯವಾರ

ಚಿರಂಜೀವಿ ಕುಶಲಾಳಿಗೆ ಅಪ್ಪ ನೋಣಯ್ಯನ ಆಶೀರ್ವಾದ.

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಿನ್ನ ಹಾಸ್ಟೆಲಿನ ಗೆಳತಿ ಬರ್ನಡೆಟ್. ಇವತ್ತೇ, ಇಗರ್ಜಿಯಿಂದ ಬಂದು ಅವರ ಮನೆಯವರೆಲ್ಲ ಉಂಡಾದ ಮೇಲೆ, ಅವಳ ಅಣ್ಣ ಯೂಸ್ಟೇಸ್ ಪೊರ್ಬುಗಳ ಜಗಲಿಯಲ್ಲಿ. ಕಥೆ ನಿನ್ನದೇ. ನಿನ್ನ ಕಥೆಯನ್ನು ನಿನಗೇ ತಿರುಗಿ ಹೇಳುವುದು ತಮಾಷೆಯಾಗಿ ಕಾಣಬಹುದು. ಆದರೆ ನೀನು ಕಳುಹಿಸಿದ ಕಾರ್ಡಿನಲ್ಲಿ ಇದ್ದದ್ದು ಮೂರೇ ಸಾಲು: ಪ್ರಬಂಧ ಒಪ್ಪಿಗೆಯಾಯಿತು, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು, ಎಲ್ಲರಿಗೂ ನಮಸ್ಕಾರ. ಮೂರು ಸಾಲಿನಲ್ಲಿ ಕಥೆ ಮುಗಿಸುವವಳು ನನಗೆ ಹೇಗೆ ಹುಟ್ಟಿದೆಯೋ ತಿಳಿಯದು. ನಾನು ಮೂರು ಸಾಲಿನಲ್ಲಿ ಕಥೆಯ ರಾಜನನ್ನು ಹಾಸಿಗೆಯಿಂದ ಎಬ್ಬಿಸುವುದೂ ಇಲ್ಲ.

ನಾನು ಕಾಗದ ಬರೆಯದೆ ವರ್ಷ ದಾಟಿತು. ನೀನು ದೀಪಾವಳಿಗೆ ಬರೆದದ್ದಕ್ಕೂ ಬಿಸು ಹಬ್ಬಕ್ಕೆ ಬರೆದದ್ದಕ್ಕೂ ಉತ್ತರ ಹೋಗಲಿಲ್ಲ. ತಪ್ಪಾಯಿತು. ಹಂಚಿನ ಭಟ್ಟಿಯ ಕೆಲಸ ಹೆಚ್ಚಿತ್ತು, ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಮತ್ತೆ ನಮ್ಮ ಬಾಯಿಗೆ ಬರುವುದು ತುಳು, ಕಾಗದಕ್ಕೆ ಬೇಕಾದದ್ದು ಕನ್ನಡ. ಬರೆಯಲು ಕೂತರೆ ಅಂಗಿ ಹಾಕಿಕೊಂಡು ನೆಂಟರ ಮನೆಯಲ್ಲಿ ಕೂತ ಹಾಗೆ ಆಗುತ್ತದೆ. ಕಾರಣ ಹುಡುಕಿದರೆ ಇನ್ನೂ ನಾಲ್ಕು ಸಿಗಬಹುದು. ಇರಲಿ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಮ್ಮ ಅಪ್ಪಿಗೆ ಮೊಣಕಾಲಿನ ನೋವು ಕಡಿಮೆಯಾಗಿದೆ. ಈಗ ಬಾವಿಯಿಂದ ತಾನೇ ನೀರು ಸೇದುತ್ತಾಳೆ. ನನ್ನ ಅಕ್ಕ ಅಮ್ಮಣಿ ಚೆನ್ನಾಗಿದ್ದಾಳೆ, ಅವಳ ಸಣ್ಣ ಮಗನೂ ನಮ್ಮ ಹಂಚಿನ ಕಾರ್ಖಾನೆಗೆ ಸೇರಿದ್ದಾನೆ. ಮಳೆ ಹಿಡಿಯುವ ಮೊದಲು ಮಣ್ಣು ತುಂಬಿಸಿಡಬೇಕೆಂದು ದೊರೆಗಳು ಅವಸರ ಮಾಡುತ್ತಿದ್ದಾರೆ. ಬೆಂಗ್ರೆಯ ಅಹ್ಮದ್ ಬಾವ ದೋಣಿಯಲ್ಲಿ ದಿನಕ್ಕೆ ಎರಡು ಸಲ ಮಣ್ಣು ತಂದು ಸುರಿಯುತ್ತಾನೆ, ಎರಡು ಸಲವೂ ನನ್ನ ಹತ್ತಿರ ಬಂದು ಎಲೆ ಅಡಿಕೆ ಕೇಳುತ್ತಾನೆ.

ನಿನ್ನ ಕಾರ್ಡು ಪಡೀಲಿಗೆ ಬಂತು, ಮುದ್ದು ಮಾವನ ಹೆಸರಿಗೆ. ಹಾಗೆಯೇ ಬರಬೇಕು. ಆ ಮನೆಗೆ ಯಜಮಾನ ನಿನ್ನ ಅಮ್ಮನ ಅಣ್ಣ. ನಾನು ಶನಿವಾರ ಸಂಜೆ ಬಂದು ಆದಿತ್ಯವಾರ ಬೆಳಿಗ್ಗೆ ಹೊರಡುವವನು. ಮಾವ ಅದನ್ನು ಅಂಗಡಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ. ಸೋಡ ಕುಡಿಯಲು ಬಂದವರೆಲ್ಲ ಓದಬೇಕು. ಓದಲು ಬಾರದವರಿಗೆ ಮಾವನೇ ಓದಿ ಹೇಳುತ್ತಾರೆ, ಪ್ರತಿ ಸಲ ಒಂದೆರಡು ಮಾತು ಸೇರಿಸುತ್ತಾರೆ. ಹೋದ ವಾರ ಹೋಗುವಾಗ ನೀನು ಕಾಲೇಜಿನಲ್ಲಿ ಕಲಿಸುವವಳಾಗಿದ್ದೆ. ನಿನ್ನೆ ಹೋಗುವಾಗ ಆ ಕಾಲೇಜು ನಿನ್ನದೇ ಆಗಿತ್ತು.

ಇನ್ನು ಕಥೆ. ಯೂಸ್ಟೇಸ್ ಪೊರ್ಬುಗಳು ನಮ್ಮ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಗುಮಾಸ್ತರಲ್ಲವೇ, ಶನಿವಾರ ಬಟವಾಡೆಯ ಹೊತ್ತಿಗೆ ನನ್ನನ್ನು ಕರೆದು, ತಂಗಿ ರಜೆಗೆ ಬಂದಿದ್ದಾಳೆ, ನಿಮ್ಮ ಮಗಳ ಸುದ್ದಿ ಬೇಕಾದಷ್ಟು ಉಂಟು, ನಾಳೆ ಮನೆಯ ಕಡೆ ಬನ್ನಿ ಎಂದರು. ನಾನು ಅಹ್ಮದ್ ಬಾವನನ್ನೂ ಕರೆದುಕೊಂಡು ಹೋದೆ. ಕಥೆ ಕೇಳಲು ಒಬ್ಬನೇ ಹೋಗಬಾರದು, ಹೂಂಗುಟ್ಟಲು ಇನ್ನೊಬ್ಬ ಬೇಕು. ನಾವು ಹೋಗುವಷ್ಟರಲ್ಲಿ ಭಟ್ಟಿಯ ಆರೇಳು ಮಂದಿ ಆಗಲೇ ಜಗಲಿಯಲ್ಲಿ ಕೂತಿದ್ದರು. ಪೊರ್ಬುಗಳು ನನಗೆ ಮಾತ್ರ ಹೇಳಿದ್ದರು. ಉಳಿದವರಿಗೆ ಹೇಳಿದ್ದು ನಾನೇ ಇರಬೇಕು.

ಬರ್ನಡೆಟ್ ಮಾತಾಡಲು ಸುರುಮಾಡಿದಾಗ ನಾನು ಒಂದೇ ಒಂದು ಮಾತಿಗೆ ಕಾಯುತ್ತಿದ್ದೆ. ನೀನು ಆ ದೊಡ್ಡ ಊರಿನಲ್ಲಿ ಯಾರ ಮಗಳೆಂದು ಹೇಳಿಕೊಂಡಿದ್ದೀ ಎಂಬುದು ನನಗೆ ಗೊತ್ತಾಗಬೇಕಿತ್ತು. ಕೇಳಲು ಬಾಯಿ ಬರಲಿಲ್ಲ.

ಅವಳು ಹೇಳಿದ್ದು ಹೀಗೆ. ಮದ್ರಾಸಿನಲ್ಲಿ ಅರ್ಥಶಾಸ್ತ್ರ ಓದಿದವರದ್ದೇ ಒಂದು ಸಭೆ. ದೊಡ್ಡ ಹಾಲ್, ಮೇಲೆ ತಿರುಗುವ ಫ್ಯಾನು, ಎದುರಿನ ಸಾಲಿನಲ್ಲಿ ಪೇಟ ಸುತ್ತಿದವರು, ಹಿಂದಿನ ಸಾಲಿನಲ್ಲಿ ಬರ್ನಡೆಟ್ ಮತ್ತು ಕಾಲೇಜಿನ ಮಕ್ಕಳು. ಆ ದಿನ ಪ್ರಬಂಧ ಓದಿದ ಒಂಬತ್ತು ಜನರಲ್ಲಿ ಹೆಂಗಸು ನೀನೊಬ್ಬಳೇ. ಬಿಳಿ ಸೀರೆ ಉಟ್ಟಿದ್ದೆಯಂತೆ, ಕೈಯಲ್ಲಿ ಕಾಗದ ಹಿಡಿದಿದ್ದೆಯಂತೆ, ಆದರೆ ಅದನ್ನು ನೋಡಲೇ ಇಲ್ಲವಂತೆ. ಮಂಗಳೂರಿನ ಹಂಚಿನ ಕೆಲಸಗಾರರು ಏನು ಸಂಪಾದಿಸುತ್ತಾರೆ, ಏನು ಉಣ್ಣುತ್ತಾರೆ, ಆ ಸಂಬಳ ಯಾರ ಹೊಟ್ಟೆಗೆ ಹೋಗುತ್ತದೆ ಎಂಬುದು ವಿಷಯ. ನಮ್ಮಂಥವರು ಏನು ಉಣ್ಣುತ್ತಾರೆ ಎಂದು ಕೇಳಲು ಪೇಟ ಸುತ್ತಿದವರು ಸಾಲಾಗಿ ಕೂತರಲ್ಲ, ಅದನ್ನು ಕೇಳಿಯೇ ಅಹ್ಮದ್ ಬಾವ ಒಂದು ಸಲ ನನ್ನ ತೊಡೆಗೆ ಬಡಿದ.

ಹೋದ ವರ್ಷ ಸುಗ್ಗಿ ತಿಂಗಳಲ್ಲಿ ನೀನು ಅಚ್ಚಾದ ಫಾರಂಗಳನ್ನು ತಂದು ನಮ್ಮ ಕಾರ್ಖಾನೆಯಲ್ಲಿ ಲೆಕ್ಕ ಎತ್ತಿದೆಯಲ್ಲ, ಮೊದಲು ಆ ಸಂಗತಿಯನ್ನು ಅವರಿಗೆ ಹೇಳಿದೆಯಂತೆ. ಹುಡುಗಿಯೊಬ್ಬಳು ಭಟ್ಟಿಯ ಹತ್ತಿರ ಗಂಡಸರ ನಡುವೆ ಕೂತು ಪ್ರಶ್ನೆ ಕೇಳುವುದು ಬೇಡವೆಂದು ದೊರೆಗಳು ಹೇಳಿದ್ದು, ಹಾಗಾಗಿ ಹೆಂಗಸರ ಫಾರಂಗಳನ್ನು ನೀನೂ ಗಂಡಸರದ್ದನ್ನು ಗುಮಾಸ್ತರೂ ಬರೆದದ್ದು. ಇಷ್ಟು ಹೊತ್ತಿಗೆ ಪೊರ್ಬುಗಳು ಕುರ್ಚಿಯಿಂದಲೇ ಒಂದು ಮಾತು ಎಸೆದರು.

"ನೂರ ಹನ್ನೆರಡು ಫಾರಂ ಬರೆದು ಕೈ ಊದಿಸಿಕೊಂಡವನು ನಾನು. ಪದವಿ ಕೊಟ್ಟದ್ದು ಅವಳಿಗೆ. ಇದು ಎಂತ ನ್ಯಾಯ ಮಾರಾಯ್ರೆ?"

"ನಿನಗೆ ಕೊಟ್ಟಿದ್ದರೆ ಅದನ್ನೂ ಎಲ್ಲಿಯಾದರೂ ಕಳೆದುಹಾಕ್ತಿದ್ದಿ" ಎಂದಳು ಬರ್ನಡೆಟ್.

ಆ ಫಾರಂಗಳನ್ನು ಮದ್ರಾಸಿಗೆ ಕೊಂಡುಹೋಗಿ ಕೂಡಿಸಿದಾಗ ಎರಡು ವಿಚಿತ್ರ ಕಂಡವಂತೆ. ಮದುವೆಯಾದ ನೂರ ಹನ್ನೆರಡು ಗಂಡಸರಲ್ಲಿ ಎಂಬತ್ತನಾಲ್ಕು ಮಂದಿ, ಮನೆಯಲ್ಲಿ ಅಕ್ಕ ಉಂಟು, ತಂಗಿ ಉಂಟು, ಅವರ ಮಕ್ಕಳು ನಾಲ್ಕು ಐದು ಉಂಟು ಎಂದು ಬರೆಸಿ, ಸ್ವಂತ ಮಕ್ಕಳು ಇಲ್ಲ ಎಂದಿದ್ದರು. ಮಂಗಳೂರಿನಲ್ಲಿ ಹಂಚು ಮಾತ್ರ ಹುಟ್ಟುವುದೋ ಎಂದು ನಿನಗೆ ಕಲಿಸಿದ ಪ್ರೊಫೆಸರರೇ ನಕ್ಕರಂತೆ. ಎರಡನೆಯದು, ಅವರ ಸಂಬಳದಿಂದ ಅಕ್ಕಿ, ಮೀನು, ಎಣ್ಣೆ, ಬಟ್ಟೆ, ಬೀಡಿ, ದೈವದ ಹರಕೆ ಎಲ್ಲವನ್ನೂ ಕಳೆದರೂ ರೂಪಾಯಿಗೆ ನಾಲ್ಕಾಣೆ ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ. ಒಬ್ಬಿಬ್ಬರದ್ದಾದರೆ ಬಿಡಬಹುದು. ಎಲ್ಲರದ್ದೂ ಹಾಗೆಯೇ.

ಇದೇ ಹೊತ್ತಿಗೆ ಹೆಂಗಸರ ಫಾರಂಗಳಲ್ಲಿ ತಲೆಕೆಳಗಾದ ಲೆಕ್ಕ. ಹಂಚು ಹೊರುವ ಹೆಂಗಸು ತನ್ನ ಸಂಬಳಕ್ಕಿಂತ ಹೆಚ್ಚು ಉಣ್ಣುತ್ತಾಳೆ. ಅವಳಿಗೆ ಸಾಲವೂ ಇಲ್ಲ. ಇಲ್ಲಿ ಗಂಡಸಿನ ನಾಲ್ಕಾಣೆ ಕಾಣೆ, ಅಲ್ಲಿ ಹೆಂಗಸಿನ ಮಡಕೆಯಲ್ಲಿ ಎಲ್ಲಿಂದಲೋ ಬಂದ ಅಕ್ಕಿ.

ಮಗಾ, ಇದನ್ನು ಕೇಳುವಾಗ ನನಗೆ ನನ್ನ ಅಮ್ಮನ ನೆನಪಾಯಿತು. ಗದ್ದೆಯಲ್ಲಿ ನೇಜಿ ನೆಡುವಾಗ ಅವಳು ಹೇಳುತ್ತಿದ್ದ ಕಥೆಗಳಲ್ಲಿ ಹೀಗೆಯೇ ಒಂದು ಊರಲ್ಲಿ ಒಂದು ಸಾಮಾನು ಕಾಣೆಯಾಗುತ್ತದೆ, ಇನ್ನೊಂದು ಊರಲ್ಲಿ ಅದು ಸಿಗುತ್ತದೆ, ನಡುವಿನ ದಾರಿಯನ್ನು ಯಾರೋ ಒಬ್ಬರು ನಡೆದು ನೋಡಬೇಕು. ನೀನು ನಡೆದೆ. ಮೇಜಿನ ಮುಂದೆ ಕೂತು ಕೂಡಿಸಿ ಕಳೆದರೆ ಆಗುವುದಿಲ್ಲವೆಂದು ಪುನಃ ರೈಲು ಹತ್ತಿ ಬಂದು, ಆರು ಶನಿವಾರ ಪಡೀಲಿನಲ್ಲಿ ಮಾವನ ಅಂಗಡಿಯ ಜಗಲಿಯಲ್ಲಿ ಕೂತೆ. ಬಟವಾಡೆಯಾದ ಸಂಜೆ ಕಂಕನಾಡಿಯ ಕಡೆಯಿಂದ ಗಂಡಸರು ಹೆಗಲಿಗೆ ಗಂಟು ಹಾಕಿಕೊಂಡು ಬರುತ್ತಾರೆ. ಅಕ್ಕಿ, ಒಣಮೀನು, ಬೆಲ್ಲ, ಮಕ್ಕಳಿಗೆಂದು ಒಂದು ಪೊಟ್ಟಣ ಹುರಿಗಡಲೆ. ಅವರವರ ಮನೆಯ ದಾರಿ ಅದಲ್ಲ, ಹೆಂಡತಿಯ ಮನೆಯ ದಾರಿ. ನೀನು ಗಂಟುಗಳನ್ನು ಎಣಿಸಿದ್ದು ಮಾತ್ರವಲ್ಲ, ಹಿಂದೆಯೇ ಹೋಗಿ ಆ ಮನೆಗಳಲ್ಲಿ ಮಾವನ ಅಂಗಡಿಯ ತಕ್ಕಡಿಯಿಂದ ತೂಗಿದೆ. ಮುದ್ದು ಮಾವ ಈಗಲೂ ಹೇಳುತ್ತಾರೆ, ಆ ಆರು ಶನಿವಾರ ತಕ್ಕಡಿ ಇಲ್ಲದೆ ಬೆಲ್ಲವನ್ನು ಕೈಯಂದಾಜಿನಲ್ಲಿ ಕೊಟ್ಟು ನಷ್ಟವಾಯಿತೆಂದು. ನಷ್ಟವನ್ನು ಹೇಳುವಾಗ ಅವರ ಮುಖ ನೀನು ನೋಡಬೇಕು, ಸಂಬಂಧವೇ ಇಲ್ಲದಷ್ಟು ಸಂತೋಷ.

ತೂಗಿ ನೋಡಿದರೆ ರೂಪಾಯಿಗೆ ನಾಲ್ಕಾಣೆ. ಸರಿಯಾಗಿ.

ಯಾಕೆ ಬರೆಸಲಿಲ್ಲ ಇವರು? ಅದನ್ನು ನೀನು ಆ ಸಭೆಗೆ ಬಿಡಿಸಿ ಹೇಳಿದ್ದನ್ನು ಬರ್ನಡೆಟ್ ನಿನ್ನ ಹಾಗೆಯೇ ಕೈ ಆಡಿಸಿ ಹೇಳಿದಳು. ನಮ್ಮಲ್ಲಿ ಅಳಿಯಕಟ್ಟು. ಮಗು ತಾಯಿಯ ಮನೆಯದ್ದು, ಅದಕ್ಕೆ ಹಿರಿಯ ತಾಯಿಯ ಅಣ್ಣ. ಗಂಡಸು ದುಡಿಯುವುದು ಅಕ್ಕತಂಗಿಯರ ಮನೆಗೆ. ಹೆಂಡತಿಯ ಮನೆಗೆ ಒಯ್ಯುವುದು ಖರ್ಚಲ್ಲ, ನೆಂಟರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಒಯ್ಯುವುದು. ನೆಂಟಸ್ತಿಕೆಯನ್ನು ಯಾರಾದರೂ ಗುಮಾಸ್ತರ ಎದುರು ಬರೆಸುತ್ತಾರೆಯೇ? ಮಕ್ಕಳು ಎಷ್ಟು ಎಂದರೆ ತನ್ನ ಮನೆಯಲ್ಲಿರುವ ಅಕ್ಕತಂಗಿಯರ ಮಕ್ಕಳನ್ನೇ ಹೇಳುತ್ತಾನೆ, ಹೆಂಡತಿಯ ಮನೆಯಲ್ಲಿರುವ ತನ್ನವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಬತ್ತನಾಲ್ಕು ಮಂದಿಯೂ ಕಟ್ಟಿನ ಪ್ರಕಾರ ಹೇಳಿದರು, ಯಾರೂ ಮೋಸ ಮಾಡಲಿಲ್ಲ, ತಪ್ಪು ಇದ್ದ ಫಾರಂ ಸರಕಾರದ ಮಾದರಿಯದ್ದು ಎಂದೆಯಂತೆ. ಆಮೇಲೆ ಆ ಫಾರಂಗೆ ನೀನೊಂದು ಹೊಸ ಕಾಲಂ ಸೇರಿಸಿದೆ. ಶನಿವಾರ ಒಯ್ದದ್ದು ಎಂದು ಅದಕ್ಕೆ ಹೆಸರು. ಪ್ರಬಂಧದಲ್ಲಿ ಅದು ಇಂಗ್ಲಿಷಿನಲ್ಲಿ ಉಂಟಂತೆ. ನಮ್ಮ ಗಂಟಿಗೆ ಇಂಗ್ಲಿಷಿನಲ್ಲಿ ಹೆಸರು ಬಂತು, ನೋಡು.

ಅಹ್ಮದ್ ಬಾವ ಇಲ್ಲಿಯ ತನಕ ಸುಮ್ಮನಿದ್ದದ್ದೇ ಹೆಚ್ಚು.

"ನಮ್ಮ ಬೆಂಗ್ರೆಗೆ ಬಂದಿದ್ರೆ ಆ ಹುಡುಗಿಗೆ ಇನ್ನೂ ಕಷ್ಟ ಆಗ್ತಿತ್ತು" ಎಂದ. "ನಾನು ಹೆಂಡತಿ ಖತೀಜಮ್ಮನ ಮನೆಗೆ ಹೋಗುವುದು ಕತ್ತಲಾದ ಮೇಲೆ. ಬೆಳಕು ಹರಿಯುವಾಗ ದೋಣಿಯಲ್ಲಿ ಇರ್ತೇನೆ. ಆರು ಮಕ್ಕಳು ಉಂಟು. ಹಗಲು ಲೆಕ್ಕ ಮಾಡಿದವರು ನನ್ನನ್ನು ಮದುವೆಯಾಗದ ಹುಡುಗ ಅಂತ ಬರೀಬೇಕು."

"ಮುಖ ನೋಡಿದ ಮೇಲೂವಾ?" ಎಂದರು ಪೊರ್ಬುಗಳು. ಜಗಲಿಯಲ್ಲಿ ಸ್ವಲ್ಪ ಹೊತ್ತು ಕಥೆ ಮುಂದೆ ಹೋಗಲಿಲ್ಲ.

ಇನ್ನು ಮುಖ್ಯ ಭಾಗ. ನೀನು ಓದಿ ಮುಗಿಸಿದಾಗ ಎದುರಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರಂತೆ. ಕೂಲಿಯ ವಿಷಯದಲ್ಲಿ ಸರಕಾರಕ್ಕೆ ಸಲಹೆ ಕೊಡುವವರು. ಅವರು ಹೇಳಿದ್ದು ಇಷ್ಟು: ಗಂಟಿನ ಕಥೆ ಚೆಂದವಾಗಿದೆ, ಆದರೆ ಇಂಥ ನಾಲ್ಕಾಣೆಯನ್ನು ಎಲ್ಲ ಊರಿನಲ್ಲೂ ನೋಡಿದ್ದೇನೆ, ಅದು ಹೋಗುವುದು ಹೆಂಡದ ಅಂಗಡಿಗೆ, ಅದೂ ಈ ಕೆಲಸಗಾರರಲ್ಲಿ ಬಹಳ ಮಂದಿ ಕಳ್ಳು ಇಳಿಸುವ ಜಾತಿಯವರು, ಮಕ್ಕಳಿಲ್ಲದವನಿಗೆ ಸಂಬಳ ಏರಿಸಿದರೆ ಅಂಗಡಿಯವನಿಗೆ ಏರಿಸಿದ ಹಾಗೆ.

ಜಗಲಿಯಲ್ಲಿ ಕೂತ ಭಟ್ಟಿಯವರು ನಾವೆಲ್ಲ ಆ ಜಾತಿಯವರೇ. ಕುಡಿಯುವುದಿಲ್ಲವೆಂದು ನಾನು ನಿನಗೆ ಬರೆದರೆ ನೀನೇ ನಗುತ್ತೀ. ಆದರೆ ರೂಪಾಯಿಗೆ ನಾಲ್ಕಾಣೆ ಕುಡಿದವನು ಉರಿಯುವ ಭಟ್ಟಿಯ ಬಾಯಿಯ ಎದುರು ಎಷ್ಟು ದಿನ ನಿಂತಾನು? ಇದನ್ನು ಆ ಹಿರಿಯರಿಗೆ ಹೇಳಬೇಕೆಂದು ನನ್ನ ನಾಲಿಗೆ ತುರಿಸಿತು. ಅವರೋ ಮದ್ರಾಸಿನಲ್ಲಿ, ಅದೂ ತಿಂಗಳ ಹಿಂದೆ.

ಬರ್ನಡೆಟ್ ಇಲ್ಲಿ ನಿಲ್ಲಿಸಿ ನೀರು ಕುಡಿದಳು. ಕಥೆ ಹೇಳಲು ಅವಳಿಗೂ ಬರುತ್ತದೆ.

ನೀನು ಕಾಗದವನ್ನು ಮಡಚಿ ಮೇಜಿನ ಮೇಲೆ ಇಟ್ಟೆಯಂತೆ. ಇಟ್ಟು ಹೇಳಿದೆಯಂತೆ: "ಸರ್, ಆ ನಾಲ್ಕಾಣೆ ಏನಾಯಿತೆಂದು ನನಗೆ ಗೊತ್ತುಂಟು. ಅದರಲ್ಲಿ ಉಂಡು ದೊಡ್ಡವಳಾದವಳು ನಾನು. ನನ್ನ ಅಪ್ಪ ಆ ಕಾರ್ಖಾನೆಯ ಭಟ್ಟಿಯಲ್ಲಿ ಮೂವತ್ತು ವರ್ಷದಿಂದ ಹಂಚು ಸುಡುತ್ತಾರೆ. ಪ್ರತಿ ಶನಿವಾರ ಆ ದಾರಿಯಲ್ಲಿ ಬರುತ್ತಾರೆ."

ನಾನು ತೋಟದಲ್ಲಿದ್ದ ಪೊರ್ಬುಗಳ ಕೋಳಿಗಳ ಕಡೆ ನೋಡುತ್ತಾ ಕೂತೆ.

ಹಿರಿಯರು ಬಿಡಲಿಲ್ಲವಂತೆ. ಕೆಲಸಗಾರನ ಮಗಳೇ ಕೆಲಸಗಾರರ ಲೆಕ್ಕ ಬರೆದರೆ ನಾವು ನಂಬುವುದು ಹೇಗೆ ಎಂದು ಕೇಳಿದರು. ಅದು ಸಣ್ಣ ಪ್ರಶ್ನೆಯಲ್ಲ. ನಿನ್ನ ಎರಡು ವರ್ಷದ ಕೆಲಸವನ್ನೇ ಆ ಒಂದು ಮಾತಿನಿಂದ ಮುಳುಗಿಸಬಹುದಿತ್ತು ಎಂದು ಪೊರ್ಬುಗಳು ನಮಗೆ ಬಿಡಿಸಿ ಹೇಳಿದರು. ಪ್ರಬಂಧ ಅಷ್ಟು ಹೊತ್ತಿಗೆ ಇನ್ನೂ ಪಾಸಾಗಿರಲಿಲ್ಲ, ಅದನ್ನು ಪರೀಕ್ಷೆ ಮಾಡುವವರಲ್ಲಿ ಇಬ್ಬರು ಅಲ್ಲೇ ಕೂತಿದ್ದರು. ನೀನು ಯೋಚನೆಯನ್ನೂ ಮಾಡಲಿಲ್ಲವಂತೆ.

"ನಂಬಬೇಡಿ ಸರ್. ಮಂಗಳೂರಿಗೆ ಇಲ್ಲಿಂದ ದಿನಾ ರೈಲು ಉಂಟು. ಯಾವ ಶನಿವಾರ ಬೇಕಾದರೂ ಬನ್ನಿ, ಜಗಲಿಯಲ್ಲಿ ಕೂತು ಎಣಿಸಿ. ತಕ್ಕಡಿ ನನ್ನ ಮಾವ ಕೊಡುತ್ತಾರೆ."

ಮೊದಲು ಹಿಂದಿನ ಸಾಲಿನ ಮಕ್ಕಳು ನಕ್ಕರು, ಆಮೇಲೆ ಪೇಟದವರು, ಕೊನೆಗೆ ಆ ಹಿರಿಯರೂ ನಕ್ಕು ಕೂತರಂತೆ. ಹೋಗುವಾಗ ನಿನ್ನ ಫಾರಂನ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರಂತೆ. ಈಗ ಯೂನಿವರ್ಸಿಟಿಯವರೇ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತಾರೆ, ಜುಲೈ ತಿಂಗಳಲ್ಲಿ ಅಚ್ಚಿಗೆ ಹೋಗುತ್ತದೆ, ಕೂಲಿ ನಿಶ್ಚಯ ಮಾಡುವವರು ಅದನ್ನು ಓದುತ್ತಾರೆ ಎಂದಳು ಬರ್ನಡೆಟ್.

ಕಥೆ ಮುಗಿದ ಮೇಲೂ ಯಾರೂ ಏಳಲಿಲ್ಲ. ಅಹ್ಮದ್ ಬಾವ ನನ್ನ ಮುಖ ನೋಡದೆಯೇ, "ನಿನ್ನ ಮಗಳು ಮಾರಾಯ, ದೊಡ್ಡವರಿಗೇ ರೈಲಿನ ದಾರಿ ತೋರಿಸಿದಳಲ್ಲ" ಎಂದ. ನಿನ್ನ ಮಗಳು ಎಂದ. ಜಗಲಿಯಲ್ಲಿದ್ದ ಒಬ್ಬರೂ ಅದನ್ನು ತಿದ್ದಲಿಲ್ಲ, ಅಪ್ಪಿಯ ಮಗಳು, ಪಡೀಲಿನ ಮುದ್ದುವಿನ ಸೋದರ ಸೊಸೆ ಎನ್ನಲಿಲ್ಲ.

ನಿನಗೆ ನೆನಪುಂಟೋ ಇಲ್ಲವೋ, ನೀನು ಐದಾರು ವರ್ಷದವಳಿದ್ದಾಗ ಶನಿವಾರ ಊಟವಾದ ಮೇಲೆ ಕಥೆ ಹೇಳು ಎಂದು ನನ್ನ ಬೆನ್ನಿಗೆ ಬೀಳುತ್ತಿದ್ದಿ. ರಾಜ ಪಲ್ಲಕ್ಕಿಯಲ್ಲಿ ಏಳು ಕಾಡು ದಾಟಿ ಬಂದ ಎಂದರೆ ಸಾಕು, ಪಲ್ಲಕ್ಕಿ ಹೊತ್ತವರಿಗೆ ಊಟ ಯಾರು ಹಾಕಿದರು ಎಂದು ಕೇಳುತ್ತಿದ್ದಿ. ನನ್ನ ಅಮ್ಮ ಆ ಕಥೆಯನ್ನು ನೂರು ಸಲ ಹೇಳಿದ್ದಾಳೆ, ನಾನು ಇನ್ನೂರು ಸಲ ಹೇಳಿರಬಹುದು, ಹೊತ್ತವರ ಹಸಿವು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಆ ದಿನ ನಾನು ಸಿಟ್ಟುಮಾಡಿ, ಕಥೆಯಲ್ಲಿ ಅದೆಲ್ಲ ಇರುವುದಿಲ್ಲ ಎಂದಿದ್ದೆ. ನೀನು ಒಪ್ಪಲಿಲ್ಲ. ಮರುವಾರ ನಾನೇ ಕಥೆಯಲ್ಲಿ ಒಂದು ಗಂಜಿಯ ಮನೆ ಕಟ್ಟಿಸಬೇಕಾಯಿತು. ಈಗ ಅದೇ ಪ್ರಶ್ನೆಗೆ ಸಂಬಳ ಕೊಡುವವರಿದ್ದಾರೆ, ಅದನ್ನು ಕಲಿಯಲು ಕಾಲೇಜಿನಲ್ಲಿ ಹೆಣ್ಣುಮಕ್ಕಳು ಕೂರುತ್ತಾರೆ. ನಾನು ನಾಲ್ಕನೇ ಕ್ಲಾಸು ಓದಿದವನು. ನಿನ್ನ ಶಾಸ್ತ್ರ ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ. ಬರ್ನಡೆಟ್ ಹೇಳಿದ್ದರಲ್ಲಿ ಅರ್ಥವಾಗದ್ದು ಒಂದೂ ಇರಲಿಲ್ಲ.

ಅಮ್ಮ ಹೇಳಿದ್ದಾಳೆ, ತಲೆಗೆ ಎಣ್ಣೆ ಹಾಕಲು ಮರೆಯಬೇಡ, ಮದ್ರಾಸಿನ ಅಕ್ಕಿ ಹೊಟ್ಟೆಗೆ ಹಿಡಿಯದಿದ್ದರೆ ಬರೆ, ಕುಚ್ಚಲಕ್ಕಿ ಕಟ್ಟಿ ಬರ್ನಡೆಟ್ ಕೈಯಲ್ಲಿ ಕಳುಹಿಸುತ್ತೇವೆ. ನಿನ್ನ ವಿದ್ಯೆ ಹೆಚ್ಚಲಿ, ನಿನ್ನ ಎದುರು ಕೂತು ಕಲಿಯುವ ಮಕ್ಕಳಿಗೂ ಒಳ್ಳೆಯದಾಗಲಿ, ನಮ್ಮ ದೈವ ದೇವರುಗಳು ನಿನ್ನ ದಾರಿಯಲ್ಲಿ ನಿನಗಿಂತ ಒಂದು ಹೆಜ್ಜೆ ಮುಂದೆ ಇರಲಿ.

ಇಂತು ನಿನ್ನ ಅಪ್ಪ
ನೋಣಯ್ಯ

ವಿ. ಸೂ. — ಸೋಮವಾರ, ಮಧ್ಯಾಹ್ನದ ಗಂಜಿಯ ಹೊತ್ತು.

ಕಾಗದವನ್ನು ಇನ್ನೂ ಅಂಟಿಸಿರಲಿಲ್ಲ. ಇವತ್ತು ಬೆಳಿಗ್ಗೆ ಆದದ್ದನ್ನೂ ಬರೆಯುತ್ತೇನೆ.

ಕೆಲಸ ಸುರುವಾಗುವ ಸೀಟಿಯ ಕೂಗು ಆಗಲು ಅರ್ಧ ಗಂಟೆ ಇರುವಾಗಲೇ ನಿನ್ನೆ ಕಥೆ ಕೇಳಿದವರೆಲ್ಲ ಪೊರ್ಬುಗಳ ಮೇಜಿನ ಎದುರು ಸಾಲಾಗಿ ನಿಂತಿದ್ದರು. ಅವರಿಂದ ಕೇಳಿದ ಇನ್ನೂ ಹತ್ತು ಹನ್ನೆರಡು ಮಂದಿ ಹಿಂದೆ. ಬಟವಾಡೆ ಶನಿವಾರವಲ್ಲವೇ, ಇವತ್ತು ಎಂತ ಎಂದು ಪೊರ್ಬುಗಳು ಕೇಳಿದ್ದಕ್ಕೆ, ಮಕ್ಕಳ ಹೆಸರು ಬರೆಸಲಿಕ್ಕೆ ಉಂಟು ಎಂದರು. ಫಾರಂ ಮದ್ರಾಸಿಗೆ ಹೋಗಿ ವರ್ಷವಾಯಿತು, ಕೂಡಿಸಿದ್ದೂ ಆಯಿತು, ಪದವಿಯೂ ಬಂತು ಎಂದು ಅವರು ಎಷ್ಟು ಹೇಳಿದರೂ ಯಾರೂ ಕದಲಲಿಲ್ಲ. ಕೊನೆಗೆ ಹಳೆಯ ಲೋಡು ಚೀಟಿಗಳ ಹಿಂಬದಿಯಲ್ಲಿ ಬರೆಯತೊಡಗಿದರು. ಒಬ್ಬ ಏಳು ಮಕ್ಕಳಲ್ಲಿ ಆರರ ಹೆಸರು ಹೇಳಿ, ಸಣ್ಣದರದ್ದು ನೆನಪಾಗದೆ, ಶನಿವಾರ ಕೇಳಿಕೊಂಡು ಬಂದು ಹೇಳುತ್ತೇನೆ ಎಂದ. ಅಹ್ಮದ್ ಬಾವನೂ ಸಾಲಿನಲ್ಲಿದ್ದ. ನೀನು ಕಾರ್ಖಾನೆಯವನಲ್ಲ ಎಂದರೆ, ಮಣ್ಣು ತಂದು ಹಾಕುವವನು ನಾನಲ್ಲವಾ ಎಂದು ಆರೂ ಹೆಸರು ಬರೆಸಿಯೇ ಹೋದ.

ನನ್ನ ಸರದಿ ಬಂದಾಗ ಪೊರ್ಬುಗಳು ತಲೆ ಎತ್ತಿ ನನ್ನನ್ನು ನೋಡಿದರು. ಯಾಕೆಂದು ಅವರಿಗೆ ಗೊತ್ತು, ನನಗೆ ಗೊತ್ತು. ನಿನಗೂ ಗೊತ್ತಾಗಬೇಕು.

ಹೋದ ವರ್ಷ ನೀನು ದೊರೆಗಳ ಜತೆ ಭಟ್ಟಿಯ ಹತ್ತಿರ ಬಂದೆ. ನನ್ನ ಮೈಯೆಲ್ಲ ಬೂದಿ. ದೊರೆಗಳು ನನ್ನನ್ನು ತೋರಿಸಿ, ಇವನು ನಮ್ಮ ಹಳೆಯ ಮೇಸ್ತ್ರಿ ಎಂದರು. ನೀನು ಕೈ ಮುಗಿದು, "ನಮಸ್ಕಾರ ಮೇಸ್ತ್ರಿ" ಎಂದೆ. ಎಂದು ಮುಂದೆ ಹೋದೆ. ಮಗಳಿಗೆ ನಾಚಿಕೆಯಾಯಿತು ಎಂದುಕೊಂಡೆ. ಆ ಸಂಜೆಯೇ ಪೊರ್ಬುಗಳು ನನ್ನ ಫಾರಂ ಬರೆದದ್ದು. ಮಕ್ಕಳು ಎಷ್ಟು ಎಂದರು, ಇಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟು, ಕಟ್ಟಿನ ಮಾತು ಬಿಡಿ ಮೇಸ್ತ್ರಿ, ನಿಮಗೆ ಹುಟ್ಟಿದವಳು ಕುಶಲಾ ಉಂಟಲ್ಲ ಎಂದರು. ಬೇರೆ ಯಾರನ್ನೂ ಅವರು ಹಾಗೆ ಎರಡನೇ ಸಲ ಕೇಳಿರಲಿಲ್ಲ. "ನನಗೆ ಮಕ್ಕಳಿಲ್ಲ, ಬರೆಯಿರಿ" ಎಂದೆ.

ನೀನು ಪಡೀಲಿನಲ್ಲಿ ಕೂತ ಆ ಆರು ಶನಿವಾರವೂ ನಾನು ಬರಲಿಲ್ಲ. ಗಂಟನ್ನು ಅಹ್ಮದ್ ಬಾವನ ಕೈಯಲ್ಲಿ ಕಳುಹಿಸಿ, ಭಟ್ಟಿ ಬಿಟ್ಟು ಬರಲು ಆಗುವುದಿಲ್ಲವೆಂದು ಹೇಳಿಸಿದೆ. ಪ್ರತಿ ಶನಿವಾರ ಬರುತ್ತಾರೆ ಎಂದು ನೀನು ಆ ಸಭೆಯಲ್ಲಿ ಹೇಳಿದಾಗ ನಿನಗೆ ಅದೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ನಿನ್ನೆ ಗೇಟಿನ ತನಕ ಬಂದ ಬರ್ನಡೆಟ್ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು: ಇಲ್ಲಿಯ ಕೆಲಸಗಾರರ ಸಂಬಂಧಿಕರು ಯಾರಾದರೂ ಲೆಕ್ಕ ಕೇಳಲು ಬಂದರೆ ಆ ಕೆಲಸಗಾರನನ್ನೇ ಕೆಲಸದಿಂದ ಹೊರಗೆ ಹಾಕುತ್ತೇನೆಂದು ದೊರೆಗಳು ನೀನು ಭಟ್ಟಿಯ ಹತ್ತಿರ ಬಂದ ಆ ದಿನ ಬೆಳಿಗ್ಗೆ ನಿನ್ನ ಎದುರೇ ಹೇಳಿದ್ದರಂತೆ. ನೀನು ನನಗೆ ಒಂದು ಮಾತು ಬರೆಯಬಹುದಿತ್ತು ಮಗಾ. ಬರೆದಿದ್ದರೂ ನಾನು ಉತ್ತರ ಕೊಡುತ್ತಿರಲಿಲ್ಲವೇನೋ.

ಎಂಬತ್ತನಾಲ್ಕು ಮಂದಿ ಕಟ್ಟಿನ ಪ್ರಕಾರ ಹೇಳಿದರು ಎಂದು ನಿನ್ನ ಪುಸ್ತಕದಲ್ಲಿ ಉಂಟಲ್ಲ, ಅದು ಸರಿಯಲ್ಲ. ಎಂಬತ್ತಮೂರು ಮಂದಿ ಹಾಗೆ ಹೇಳಿದರು. ಒಬ್ಬ ಸಿಟ್ಟಿನಿಂದ ಹೇಳಿದ. ಅಚ್ಚಿಗೆ ಹೋಗುವ ಮೊದಲು ಅದನ್ನು ತಿದ್ದು. ದೊರೆಗಳ ಕಿವಿಗೆ ಬಿದ್ದರೆ ಬೀಳಲಿ.

ಇವತ್ತು ಪೊರ್ಬುಗಳು ಕೇಳುವ ಮೊದಲೇ ನಾನು ಗಟ್ಟಿಯಾಗಿ, ಕುಶಲಾ, ಒಬ್ಬಳೇ, ಪ್ರಾಯ ಇಪ್ಪತ್ತಾರು ಎಂದೆ.

"ನಿಮ್ಮ ಸಂಬಳದಲ್ಲಿ ಉಣ್ಣುವವಳಾ?"

"ಅಲ್ಲ. ಅವಳಿಗೆ ಈಗ ಸ್ವಂತ ಸಂಬಳ ಉಂಟು."

"ಹಾಗಾದರೆ ಅವಳು ಈ ಪಟ್ಟಿಗೆ ಬರುವುದಿಲ್ಲ ಮೇಸ್ತ್ರಿ. ಇದು ಸಾಕುವ ಮಕ್ಕಳ ಪಟ್ಟಿ. ನಿಯಮ ಮಾಡಿದ್ದು ನಿಮ್ಮ ಮಗಳೇ."

"ಆದರೂ ಬರೆಯಿರಿ" ಎಂದೆ.

ಬರೆದರು. ಅಷ್ಟರಲ್ಲಿ ಕೂಗು ಆಯಿತು, ನಾವೆಲ್ಲ ಭಟ್ಟಿಗೆ ಹೋದೆವು.